ಹಳೆಯ ಟ್ರಾಕ್ಟರಿಗೆ ಹೊಸ ಬೋಲ್ಟು

ಇಂಗ್ಲೆಂಡಿನ ಹಳ್ಳಿಯೊಂದರ ಹರಾಜಿನಲ್ಲಿ ನೀವು ಒಂದು ಹಳೆಯ ಟ್ರಾಕ್ಟರನ್ನು ಕೊಂಡಿದ್ದೀರಿ ಎಂದು ಭಾವಿಸಿಕೊಳ್ಳಿ. 1949ರಲ್ಲಿ ತಯಾರಾದ, ಬೂದು ಬಣ್ಣದ, ಗಿಡ್ಡನೆಯ ಫರ್ಗುಸನ್ ಟ್ರಾಕ್ಟರು ಅದು. ಕೊಟ್ಟಿಗೆಯ ಮೂಲೆಯಲ್ಲಿ ಎಷ್ಟೋ ವರ್ಷ ನಿಂತೇ ಇತ್ತು. ಎಂಜಿನ್ ತಿರುಗುವುದಿಲ್ಲ. ಡೈನಮೊ ವಿದ್ಯುತ್ ಕೊಡುವುದಿಲ್ಲ. ಹಿಂಬದಿಯ ತೋಳುಗಳು ಭಾರ ಎತ್ತುವುದಿಲ್ಲ. ಕೆಲವು ಬೋಲ್ಟುಗಳು ಕಾಣೆಯಾಗಿವೆ, ಉಳಿದವು ತುಕ್ಕು ಹಿಡಿದಿವೆ. ಈ ಟ್ರಾಕ್ಟರನ್ನು ರೂಪಿಸಿದ ಹ್ಯಾರಿ ಫರ್ಗುಸನ್ 1960ರಲ್ಲಿಯೇ ತೀರಿಕೊಂಡರು. ಇದು ತಯಾರಾದ ಕವೆಂಟ್ರಿ ನಗರದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 2002ರ ಕೊನೆಗೆ ಟ್ರಾಕ್ಟರ್ ತಯಾರಿಕೆ ನಿಂತುಹೋಯಿತು. ಹಾಗಿರುವಾಗ ಇದರ ಬಿಡಿಭಾಗಗಳನ್ನು ಎಲ್ಲಿಂದ ತರುತ್ತೀರಿ?

ಆಶ್ಚರ್ಯವೆಂದರೆ, ಹೆಚ್ಚುಕಡಿಮೆ ಎಲ್ಲವೂ ಸಿಗುತ್ತವೆ! ಪಿಸ್ಟನ್, ಲೈನರ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟು, ಆಯಿಲ್ ಸೀಲ್ ಮುಂತಾದವು ಹೊಸದಾಗಿಯೇ ತಯಾರಾಗಿ ಮಾರಾಟವಾಗುತ್ತಿವೆ. ಹತ್ತು ವರ್ಷ ಹಳೆಯ ಮೊಬೈಲ್ ಫೋನಿಗೆ ಸರಿಯಾದ ಬ್ಯಾಟರಿ ಹುಡುಕಲು ಹೊರಟವರಿಗೆ ಇದು ನಂಬಲಾಗದ ಮಾತೆನಿಸಬಹುದು. ಮುಕ್ಕಾಲು ಶತಮಾನ ಕಳೆದ ಯಂತ್ರ ರಿಪೇರಿಯಾಗುತ್ತದೆ, ನಿನ್ನೆ ಮೊನ್ನೆಯದು ಗುಜರಿ ಸೇರುತ್ತದೆ. ಏಕೆ ಹೀಗೆ?

ಯಂತ್ರದ ಆಯುಸ್ಸು ಅದರ ಕಬ್ಬಿಣದ ಗಟ್ಟಿತನವನ್ನು ಅವಲಂಬಿಸಿದೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದರ ಅಳತೆಗಳು ಎಷ್ಟು ಜನರಿಗೆ ಗೊತ್ತಿವೆ, ಎಷ್ಟು ಬೇರೆ ಯಂತ್ರಗಳು ಅದೇ ಅಳತೆಗಳನ್ನು ಹಂಚಿಕೊಂಡಿವೆ ಎಂಬುದೂ ಅಷ್ಟೇ ಮುಖ್ಯ. ಈ ಮಾತನ್ನು ಪರೀಕ್ಷಿಸಲು ನೀವು ಕೊಂಡ ಟ್ರಾಕ್ಟರನ್ನೇ ಒಂದೊಂದಾಗಿ ಬಿಚ್ಚುತ್ತ ಹೋಗೋಣ. ಪ್ರತಿಯೊಂದು ಭಾಗದ ಹಿಂದೆಯೂ ಒಂದೊಂದು ಇತಿಹಾಸವಿದೆ.

ಬೂದು ಟ್ರಾಕ್ಟರಿನ ಹುಟ್ಟು

ಹ್ಯಾರಿ ಫರ್ಗುಸನ್ 1884ರಲ್ಲಿ ಐರ್ಲೆಂಡಿನ ಡೌನ್ ಕೌಂಟಿಯ ರೈತ ಕುಟುಂಬದಲ್ಲಿ ಹುಟ್ಟಿದರು. 1909ರ ಡಿಸೆಂಬರ್ 31ರಂದು ತಾವೇ ಕಟ್ಟಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ಯಂತ್ರಬಲದಿಂದ ಹಾರಿದ ಮೊದಲಿಗರೆನಿಸಿದರು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1917ರಲ್ಲಿ, ಐರ್ಲೆಂಡಿನ ಟ್ರಾಕ್ಟರುಗಳು ಹೇಗೆ ಕೆಲಸ ಮಾಡುತ್ತಿವೆ ಎಂದು ನೋಡಿಕೊಳ್ಳುವ ಹೊಣೆ ಅವರ ಪಾಲಿಗೆ ಬಂತು. ಆಗಿನ ಟ್ರಾಕ್ಟರು ಎತ್ತಿನ ಬದಲಿಗೆ ಬಂದ ಎಂಜಿನ್ ಮಾತ್ರವಾಗಿತ್ತು. ನೇಗಿಲನ್ನು ಸರಪಳಿಯಿಂದಲೋ ಕೊಂಡಿಯಿಂದಲೋ ಅದರ ಹಿಂದೆ ಕಟ್ಟಿ ಎಳೆಸುತ್ತಿದ್ದರು.

ಇದರಲ್ಲಿ ಪ್ರಾಣಾಪಾಯವಿತ್ತು. ನೇಗಿಲು ನೆಲದೊಳಗಿನ ಬಂಡೆಗೆ ಸಿಕ್ಕಿಕೊಂಡಾಗ ಹಿಂದಿನ ಚಕ್ರಗಳು ತಿರುಗಲಾರವು. ಆದರೆ ಎಂಜಿನ್ ತಿರುಗಿಸುವುದನ್ನು ಬಿಡುವುದಿಲ್ಲ. ಚಕ್ರ ಮಿಸುಕದಿದ್ದರೆ, ಅದೇ ಬಲ ಟ್ರಾಕ್ಟರಿನ ಒಡಲನ್ನು ಅಚ್ಚಿನ ಸುತ್ತ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ತರಗತಿಯಲ್ಲಿ ಕಲಿತಿದ್ದೀರಿ, ಇಲ್ಲಿ ಅದು ಚಾಲಕನ ಮೇಲೆಯೇ ಪ್ರಯೋಗವಾಗುತ್ತಿತ್ತು. ಮುಂಭಾಗ ಮೇಲೆದ್ದು ಟ್ರಾಕ್ಟರು ಹಿಂದಕ್ಕೆ ಮಗುಚಿ ಬೀಳುತ್ತಿತ್ತು. 1917ರಲ್ಲಿ ಮಾರುಕಟ್ಟೆಗೆ ಬಂದ ಹಗುರವಾದ ಫೋರ್ಡ್‌ಸನ್ ಟ್ರಾಕ್ಟರಿನಿಂದ ಹೀಗೆ ಸತ್ತವರು ಹಲವರು.

ಫರ್ಗುಸನ್ ಮತ್ತು ಅವರ ಸಹೋದ್ಯೋಗಿ ವಿಲಿಯಂ ಸ್ಯಾಂಡ್ಸ್ ಈ ಸಮಸ್ಯೆಯ ಹಿಂದೆ ಬಿದ್ದರು. ನೇಗಿಲನ್ನು ಎಳೆಯುವ ಬದಲು ಟ್ರಾಕ್ಟರಿನ ಅಂಗವಾಗಿಯೇ ಜೋಡಿಸಬೇಕು, ಎಣ್ಣೆಯ ಒತ್ತಡದಿಂದ ಅದರ ಆಳವನ್ನು ನಿಯಂತ್ರಿಸಬೇಕು ಎಂಬುದು ಅವರ ಆಲೋಚನೆ. ಇದಕ್ಕೆ 1925ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದೆ 1936ರಲ್ಲಿ ಡೇವಿಡ್ ಬ್ರೌನ್ ಕಂಪನಿಯೊಡನೆ, 1939ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಅವರೊಡನೆ ಸೇರಿ ಟ್ರಾಕ್ಟರುಗಳನ್ನು ಹೊರತಂದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಟಿಇ-20 ತಯಾರಿಕೆ ಆರಂಭವಾಯಿತು. ಯುದ್ಧಕಾಲದಲ್ಲಿ ವಿಮಾನದ ಎಂಜಿನ್‌ಗಳನ್ನು ತಯಾರಿಸಿದ ಕಾರ್ಖಾನೆ ಅದು. ಮೊದಲ ಟ್ರಾಕ್ಟರು 1946ರ ಜುಲೈ ತಿಂಗಳಲ್ಲಿ ಹೊರಬಂತು. 1956ರವರೆಗೆ 5,17,000ಕ್ಕೂ ಹೆಚ್ಚು ಟ್ರಾಕ್ಟರುಗಳು ತಯಾರಾದವು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲಪಿದ್ದು ಪಟ್ಟಿಚಕ್ರ ಅಳವಡಿಸಿದ ಮೂರು ಫರ್ಗುಸನ್ ಟ್ರಾಕ್ಟರುಗಳಲ್ಲಿ. ನೆಲದ ಮೇಲೆ ಸಾಗಿ ಧ್ರುವ ಮುಟ್ಟಿದ ಮೊದಲ ಮೋಟಾರು ವಾಹನಗಳು ಅವು.

ಮೊದಲು ಫಲಕವನ್ನು ಓದಿ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಚಿಂದಿಬಟ್ಟೆಯಿಂದ ಟ್ರಾಕ್ಟರಿನ ಸಂಖ್ಯಾಫಲಕವನ್ನು ಒರೆಸಿ ಓದಿ. ಅಲ್ಲಿರುವ ಅಕ್ಷರಗಳು ನಿಮಗೆ ಬೇಕಾದ ಬಿಡಿಭಾಗ ಯಾವುದೆಂದು ಹೇಳುತ್ತವೆ. ಟಿಇ ಎಂದರೆ 'ಟ್ರಾಕ್ಟರ್, ಇಂಗ್ಲೆಂಡ್'. ಬರಿಯ ಟಿಇ-20 ಇದ್ದರೆ ಎಂಜಿನ್ ಅಮೆರಿಕದ ಕಾಂಟಿನೆಂಟಲ್ ಕಂಪನಿಯದು. ಯುದ್ಧಾನಂತರ ಸ್ಟ್ಯಾಂಡರ್ಡ್ ಕಂಪನಿಯ ಎಂಜಿನ್ ಸಿದ್ಧವಾಗುವವರೆಗೆ, ಅಂದರೆ 1948ರವರೆಗೆ, ಅದನ್ನು ತರಿಸಿಕೊಳ್ಳುತ್ತಿದ್ದರು. ಟಿಇಎ-20 ಇದ್ದರೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್. ಟಿಇಡಿ-20 ಎಂದರೆ ಸೀಮೆಎಣ್ಣೆಯ ಜಾತಿಯ ಅಗ್ಗದ ಟ್ರಾಕ್ಟರ್ ಇಂಧನದಲ್ಲಿ ಓಡುವಂಥದು. ಟಿಇಎಫ್-20 ಎಂದರೆ 1951ರಲ್ಲಿ ಬಂದ ಡೀಸೆಲ್ ಮಾದರಿ.

ಹೊರಗಿನಿಂದ ನೋಡಿದರೆ ಇವೆಲ್ಲ ಒಂದೇ. ಆದರೆ ಒಂದರ ಪಿಸ್ಟನ್ ಇನ್ನೊಂದಕ್ಕೆ ಹೊಂದದೆ ಹೋಗಬಹುದು. ಮಾರಾಟಗಾರನಿಗೆ "ಹಳೆಯ ಫರ್ಗುಸನ್ನಿನ ಪಿಸ್ಟನ್ ಕೊಡಿ" ಎಂದರೆ ಸಾಲದು, ಅಕ್ಷರವನ್ನೂ ಕ್ರಮಸಂಖ್ಯೆಯನ್ನೂ ಹೇಳಬೇಕು. ಇನ್ನೊಂದು ಎಚ್ಚರಿಕೆಯೂ ಬೇಕು. ದಶಕಗಳ ಅವಧಿಯಲ್ಲಿ ಎಷ್ಟೋ ಟ್ರಾಕ್ಟರುಗಳಿಗೆ ಬೇರೆ ಎಂಜಿನ್ ಕೂಡಿಸಿದ್ದಾರೆ. ಫಲಕ ಹೇಳಿದ್ದನ್ನು ಎಂಜಿನ್ ಒಪ್ಪುತ್ತದೆಯೇ ಎಂದು ಅಳೆದು ನೋಡಿಯೇ ಹಣ ಕೊಡುವುದು ಒಳ್ಳೆಯದು. ದಾಖಲೆ ಮತ್ತು ಅಳತೆ ಎರಡೂ ಒಂದಕ್ಕೊಂದು ಸಾಕ್ಷಿಯಾಗಬೇಕು. ಪ್ರಯೋಗಶಾಲೆಯಲ್ಲಿಯೂ ನಮ್ಮ ನಿಯಮ ಇದೇ ತಾನೆ?

ಅರ್ಧ ಇಂಚಿನ ತಂಟೆ

ಈಗ ಕಾಣೆಯಾದ ಬೋಲ್ಟುಗಳ ವಿಷಯ. ತೂತಿನ ವ್ಯಾಸ ಅರ್ಧ ಇಂಚು. ಡಬ್ಬಿಯಲ್ಲಿದ್ದ ಒಂದು ಹಳೆಯ ಅರ್ಧ ಇಂಚಿನ ಬೋಲ್ಟನ್ನು ಹಾಕಿ ತಿರುಗಿಸುತ್ತೀರಿ. ಎರಡು ಮೂರು ಸುತ್ತು ಸರಾಗವಾಗಿ ಹೋಗಿ ಬಿಗಿಯುತ್ತದೆ. ತುಕ್ಕು ಇರಬೇಕೆಂದು ಜೋರಾಗಿ ತಿರುಗಿಸಿದಿರೋ, ಎರಕದ ಕಬ್ಬಿಣದ ಥ್ರೆಡ್ ಹಾಳಾಯಿತು!

ಕಾರಣ ಇಷ್ಟೇ. ಅರ್ಧ ಇಂಚಿನ ಬ್ರಿಟಿಷ್ ವಿಟ್‌ವರ್ತ್ ಬೋಲ್ಟಿನಲ್ಲಿ ಒಂದು ಇಂಚಿಗೆ 12 ಸುತ್ತುಗಳಿರುತ್ತವೆ. ಅದೇ ಅಳತೆಯ ಅಮೆರಿಕದ ಒರಟು ಥ್ರೆಡ್ಡಿನ ಬೋಲ್ಟಿನಲ್ಲಿ 13 ಸುತ್ತು. ಅಂದರೆ ಮೊದಲನೆಯದರ ಅಂತರ 2.117 ಮಿಲಿಮೀಟರ್, ಎರಡನೆಯದರದು 1.954 ಮಿಲಿಮೀಟರ್. ಒಂದು ಸುತ್ತಿಗೆ ವ್ಯತ್ಯಾಸ ಸುಮಾರು 0.16 ಮಿ.ಮೀ. ಮಾತ್ರ. ಆದರೆ ಮೂರು ಸುತ್ತಿನಲ್ಲಿ ಅದು ಅರ್ಧ ಮಿ.ಮೀ. ಆಗುತ್ತದೆ, ಅಲ್ಲಿಗೆ ಬೋಲ್ಟು ಸಿಕ್ಕಿಕೊಳ್ಳುತ್ತದೆ. ಇನ್ನೂ ಮೋಸಗೊಳಿಸುವ ಸಂಗತಿಯೆಂದರೆ ಕಾಲು ಇಂಚು, ಮುಕ್ಕಾಲು ಇಂಚಿನ ಅರ್ಧ, ಅಂದರೆ ಎಂಟರಲ್ಲಿ ಮೂರು ಇಂಚು, ಮೊದಲಾದ ಅಳತೆಗಳಲ್ಲಿ ಎರಡೂ ದೇಶಗಳ ಸುತ್ತುಗಳ ಸಂಖ್ಯೆ ಒಂದೇ. ಆದರೆ ಥ್ರೆಡ್ಡಿನ ಕೋನ ಬೇರೆ. ಬ್ರಿಟನ್ನಿನದು 55 ಡಿಗ್ರಿ, ಅಮೆರಿಕದ್ದು 60 ಡಿಗ್ರಿ. ಇವು ಒಂದಕ್ಕೊಂದು ಕೂಡುತ್ತವೆ, ಆದರೆ ಪೂರ್ತಿಯಾಗಿ ಒತ್ತಿ ಕೂರುವುದಿಲ್ಲ.

ಇದರ ಹಿಂದೆ ನೂರು ವರ್ಷಗಳ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರತಿ ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪು ಕೊರೆಯುತ್ತಿತ್ತು. ಒಂದು ಕಡೆಯ ನಟ್ಟು ಇನ್ನೊಂದು ಕಡೆಯ ಬೋಲ್ಟಿಗೆ ಆಗುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಒಂದು ಸಲಹೆ ಮುಂದಿಟ್ಟರು. ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಸಂಗ್ರಹಿಸಿ, ಅಳೆದು, ಎಲ್ಲರಿಗೂ ಒಪ್ಪಿಗೆಯಾಗುವಂಥ ಒಂದು ಶ್ರೇಣಿಯನ್ನು ಅವರು ರೂಪಿಸಿದ್ದರು. ಇಂಚಿನ ಹತ್ತು ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವನ್ನು ತೋರಿಸುವ ಅಳತೆಯಂತ್ರ ಕಟ್ಟಿದವರೂ ಅವರೇ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ ಫಿಲಡೆಲ್ಫಿಯದಲ್ಲಿ ಬೇರೊಂದು ಶ್ರೇಣಿಯನ್ನು ಮಂಡಿಸಿದರು. ವಿಟ್‌ವರ್ತ್ ಥ್ರೆಡ್ಡಿನ ತುದಿ ದುಂಡು, ಅದನ್ನು ಕೊರೆಯಲು ನುರಿತ ಕೈ ಬೇಕು. ತನ್ನದರ ತುದಿ ಚಪ್ಪಟೆ, ಕೋನ 60 ಡಿಗ್ರಿ, ಸಾಮಾನ್ಯ ಕೆಲಸಗಾರನೂ ಮಾಡಬಲ್ಲ ಎಂಬುದು ಸೆಲರ್ಸ್ ವಾದ. ಇಬ್ಬರೂ ಸರಿ. ಆದರೆ ಒಂದೇ ಭಾಷೆಯಾಡುವ ಎರಡು ದೇಶಗಳು ತಿರುಪಿನ ವಿಷಯದಲ್ಲಿ ಎರಡು ಭಾಷೆ ಆಡತೊಡಗಿದವು.

ಇದರ ಬೆಲೆ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಒಂದೇ ಪಕ್ಷದಲ್ಲಿದ್ದ ಬ್ರಿಟನ್, ಅಮೆರಿಕ, ಕೆನಡಗಳು ಒಬ್ಬರ ಬೋಲ್ಟನ್ನು ಇನ್ನೊಬ್ಬರ ಯಂತ್ರಕ್ಕೆ ಹಾಕಲಾರದೆ ಕಷ್ಟಪಟ್ಟವು. ಕೊನೆಗೆ 1948ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಮೂರೂ ದೇಶಗಳ ಪ್ರತಿನಿಧಿಗಳು ಸಹಿಹಾಕಿ 'ಏಕೀಕೃತ ಥ್ರೆಡ್' ಪದ್ಧತಿಯನ್ನು ಒಪ್ಪಿಕೊಂಡರು. ಕೋನ 60 ಡಿಗ್ರಿ ಎಂದಾಯಿತು, ಹಳೆಯ ಅಮೆರಿಕನ್ ಬೋಲ್ಟುಗಳು ಇದಕ್ಕೆ ಹೊಂದುವಂತಿತ್ತು.

ನಿಮ್ಮ ಟ್ರಾಕ್ಟರು ಈ ಸಂಧಿಕಾಲದ ಕೂಸು. ಇಂಗ್ಲೆಂಡಿನಲ್ಲಿ ಹುಟ್ಟಿದರೂ ಇದರ ಹಿಂದಿನ ಪೀಳಿಗೆ ಅಮೆರಿಕದಲ್ಲಿ ಫೋರ್ಡ್ ಜೊತೆ ತಯಾರಾದದ್ದು, ಮೊದಲ ಎಂಜಿನ್ ಕೂಡ ಅಲ್ಲಿಯದೇ. ಹೀಗಾಗಿ ಇದರ ಬಹುಪಾಲು ಬೋಲ್ಟುಗಳು ಅಮೆರಿಕದ ಥ್ರೆಡ್ಡಿನವು. ಆದರೆ ಲೂಕಸ್ ಕಂಪನಿಯ ವಿದ್ಯುತ್ ಭಾಗಗಳಂಥ ಬ್ರಿಟಿಷ್ ಸಾಮಗ್ರಿಗಳಲ್ಲಿ ಬ್ರಿಟಿಷ್ ತಿರುಪುಗಳೇ ಉಳಿದವು. ಒಂದೇ ಯಂತ್ರದಲ್ಲಿ ಎರಡು ಪದ್ಧತಿ! ಆದ್ದರಿಂದ ಥ್ರೆಡ್ ಗೇಜ್ ಇಲ್ಲದೆ ಯಾವ ಬೋಲ್ಟನ್ನೂ ಬಲವಂತವಾಗಿ ತಿರುಗಿಸಬೇಡಿ. ಅರ್ಧ ಇಂಚು ಎಂದರೆ 12.7 ಮಿ.ಮೀ. ತಾನೆ, 12 ಮಿ.ಮೀ. ಬೋಲ್ಟು ಹಾಕಿದರಾಯಿತು ಎಂಬ ಆಸೆಯೂ ಬೇಡ. ಅದು ಥ್ರೆಡ್ಡಿನ ತುದಿಯಲ್ಲಷ್ಟೆ ಹಿಡಿದು, ಭಾರ ಬಿದ್ದಾಗ ಕಿತ್ತು ಬರುತ್ತದೆ. ಸರಿಯಾದ ಬೋಲ್ಟು ಇಂದಿಗೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತದೆ. 1948ರ ಆ ಸಹಿಗಳು ಇನ್ನೂ ಚಲಾವಣೆಯಲ್ಲಿವೆ.

ಒಂದೇ ಹೊಡೆತ, ಮೂರು ವ್ಯಾಸ

ಎಂಜಿನ್ ಸಿಕ್ಕಿಕೊಂಡಿದೆ. ಪಿಸ್ಟನ್ನಿನ ರಿಂಗುಗಳು ಲೈನರಿಗೆ ತುಕ್ಕಿನಿಂದ ಅಂಟಿಕೊಂಡಿರಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ತೂತುಗಳಲ್ಲಿ ತೆಳುವಾದ ಎಣ್ಣೆ ಹಾಕಿ ಕೆಲವು ದಿನ ಬಿಡಿ. ಎಣ್ಣೆ ಸಣ್ಣ ಸಂದುಗಳೊಳಗೆ ತಾನಾಗಿ ಹರಿಯುತ್ತದೆ. ಈ ಲೋಮನಾಳ ಕ್ರಿಯೆಗೆ ಅವಸರವಿಲ್ಲ, ನಿಮಗೂ ಬೇಡ. ಆಮೇಲೆ ಕೈಯಿಂದ ಮೆಲ್ಲನೆ ಹಿಂದೆ ಮುಂದೆ ಅಲುಗಿಸಿ. ಸ್ಟಾರ್ಟರ್ ಮೋಟಾರಿನಿಂದಾಗಲಿ, ಬೇರೆ ವಾಹನದಿಂದ ಎಳೆಸಿಯಾಗಲಿ ಬಿಡಿಸಲು ಹೋದರೆ ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಎಂಜಿನ್ನಿನ ಹೊರಮೈಯಲ್ಲಿ ಬಿರುಕಿದೆಯೇ ಎಂದೂ ನೋಡಬೇಕು. ಚಳಿದೇಶದಲ್ಲಿ ನೀರು ತುಂಬಿಕೊಂಡೇ ನಿಂತ ಎಂಜಿನ್ನಿಗೆ ಇದು ದೊಡ್ಡ ಶತ್ರು. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಎರಕದ ಕಬ್ಬಿಣ ಹಿಗ್ಗದೆ ಬಿರಿಯುತ್ತದೆ. ಹಾಗೆ ಬಿರಿದ ಬ್ಲಾಕನ್ನು ಸರಿಪಡಿಸುವುದು ಕಷ್ಟ, ಇನ್ನೊಂದು ಹಳೆಯ ಟ್ರಾಕ್ಟರಿನ ಬ್ಲಾಕನ್ನೇ ಹುಡುಕಬೇಕಾಗುತ್ತದೆ.

ಬ್ಲಾಕು ಚೆನ್ನಾಗಿದ್ದರೆ ಉಳಿದದ್ದು ಸುಲಭ. ಸ್ಟ್ಯಾಂಡರ್ಡ್ ಎಂಜಿನ್ನಿನಲ್ಲಿ ಸಿಲಿಂಡರನ್ನು ಬ್ಲಾಕಿನಲ್ಲಿಯೇ ಕೊರೆದಿಲ್ಲ. ನೀರಿನ ಸಂಪರ್ಕದಲ್ಲಿರುವ ಬೇರೆ ಕೊಳವೆಗಳನ್ನು, ಅಂದರೆ ವೆಟ್ ಲೈನರುಗಳನ್ನು, ಕೂರಿಸಿದ್ದಾರೆ. ಸವೆದವನ್ನು ಎತ್ತಿ ತೆಗೆದು ಹೊಸವನ್ನು ಕೂರಿಸಬಹುದು, ಲೇತಿನ ಕೆಲಸವೇ ಬೇಡ.

ಈ ರಚನೆಯಿಂದ ಇನ್ನೊಂದು ಲಾಭವೂ ಆಯಿತು. ಮೊದಲ ಸ್ಟ್ಯಾಂಡರ್ಡ್ ಟ್ರಾಕ್ಟರ್ ಎಂಜಿನ್ನಿನ ಸಿಲಿಂಡರ್ ವ್ಯಾಸ 80 ಮಿ.ಮೀ., ಪಿಸ್ಟನ್ನಿನ ಹೊಡೆತ, ಅಂದರೆ ಸ್ಟ್ರೋಕ್, 92 ಮಿ.ಮೀ. ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರವನ್ನು ನೀವೇ ಲೆಕ್ಕ ಹಾಕಿ, 1850 ಘನ ಸೆಂಟಿಮೀಟರ್ ಬರುತ್ತದೆ. ಹೊಡೆತವನ್ನು ಹಾಗೆಯೇ ಇಟ್ಟು ವ್ಯಾಸವನ್ನು 85 ಮಿ.ಮೀ. ಮಾಡಿದರೆ 2088 ಘ.ಸೆಂ.ಮೀ. ಮುಂದಿನ ಟ್ರಾಕ್ಟರುಗಳಿಗೂ, ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿಗೂ ಇದ್ದದ್ದು ಈ ಗಾತ್ರ. 83 ಮಿ.ಮೀ. ಮಾಡಿದರೆ 1991 ಘ.ಸೆಂ.ಮೀ. ಇದು 1953ರಲ್ಲಿ ಬಂದ ಟ್ರಯಂಫ್ ಟಿಆರ್-2 ಎಂಬ ವೇಗದ ಕಾರಿನ ಎಂಜಿನ್! ಉಳುವ ಟ್ರಾಕ್ಟರು, ಮಧ್ಯಮವರ್ಗದ ಕಾರು, ಓಟದ ಕಾರು ಮೂರೂ ಒಂದೇ ಕುಟುಂಬದವು. ಆ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರು ಸಾವಿರಾರು ಮಂದಿ. ಅವರ ಬೇಡಿಕೆಯೂ ಟ್ರಾಕ್ಟರಿನವರ ಬೇಡಿಕೆಯೂ ಸೇರಿದ್ದರಿಂದಲೇ ಈ ಎಂಜಿನ್ನಿನ ಭಾಗಗಳನ್ನು ತಯಾರಿಸುವುದು ಇನ್ನೂ ಲಾಭದ ಕೆಲಸವಾಗಿ ಉಳಿದಿದೆ.

ಮರೆತುಹೋದ ಕಾಂತತ್ವ

ಡೈನಮೊ ಬಿಚ್ಚಿ ನೋಡಿದರೆ ಸುರುಳಿಗಳು ಸರಿಯಾಗಿಯೇ ಇವೆ, ಕಾರ್ಬನ್ ಬ್ರಷ್ಷುಗಳೂ ಚೆನ್ನಾಗಿವೆ. ಆದರೂ ವಿದ್ಯುತ್ ಬರುವುದಿಲ್ಲ. ಬಿಡಿಭಾಗ ಕೊಳ್ಳುವ ಮೊದಲು ಸ್ವಲ್ಪ ಯೋಚಿಸಿ. ಈ ಡೈನಮೊದಲ್ಲಿ ಶಾಶ್ವತ ಕಾಂತವಿಲ್ಲ. ಕಬ್ಬಿಣದ ತಿರುಳಿನಲ್ಲಿ ಉಳಿದಿರುವ ಅಲ್ಪ ಕಾಂತತ್ವದಿಂದ ಮೊದಲು ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತೇ ಕ್ಷೇತ್ರದ ಸುರುಳಿಯಲ್ಲಿ ಹರಿದು ಕಾಂತತ್ವವನ್ನು ಹೆಚ್ಚಿಸುತ್ತದೆ. ಅದರಿಂದ ಇನ್ನಷ್ಟು ವಿದ್ಯುತ್, ಹೀಗೆ ಬೆಳೆಯುತ್ತ ಹೋಗುತ್ತದೆ. ಈ ತತ್ತ್ವವನ್ನು 1867ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಒಂದೇ ಸಭೆಯಲ್ಲಿ ಸೀಮೆನ್ಸ್ ಮತ್ತು ವೀಟ್‌ಸ್ಟನ್ ಪ್ರತ್ಯೇಕವಾಗಿ ಮಂಡಿಸಿದ್ದರು.

ವರ್ಷಗಟ್ಟಲೆ ನಿಂತ ಡೈನಮೊದಲ್ಲಿ ಆ ಉಳಿಕೆ ಕಾಂತತ್ವ ಕುಂದಿರಬಹುದು. ಬ್ಯಾಟರಿಯ ತಂತಿಯನ್ನು ಕ್ಷೇತ್ರದ ತುದಿಗೆ ಒಂದು ಕ್ಷಣ ತಗುಲಿಸಿದರೆ ಅದು ಮರಳಿ ಬರುತ್ತದೆ. ಖರ್ಚು ಏನೂ ಇಲ್ಲ! ಆದರೆ ದಿಕ್ಕು ತಪ್ಪಬಾರದು. ಆ ಕಾಲದ ಬ್ರಿಟಿಷ್ ವಾಹನಗಳ ಪದ್ಧತಿಯಂತೆ ಇದರಲ್ಲಿ ಬ್ಯಾಟರಿಯ ಧನಧ್ರುವವನ್ನು ಟ್ರಾಕ್ಟರಿನ ಒಡಲಿಗೆ ಜೋಡಿಸಿರುತ್ತಾರೆ. ಇಂದಿನ ವಾಹನಗಳಲ್ಲಿ ಋಣಧ್ರುವ ಒಡಲಿಗೆ. ಅಭ್ಯಾಸಬಲದಿಂದ ಜೋಡಿಸಿದರೆ ಎಡವಟ್ಟಾಗುತ್ತದೆ.

ಎಂಜಿನ್ ಚಾಲೂ ಮಾಡಲು ಕೀಲಿಯನ್ನಾಗಲಿ ಗುಂಡಿಯನ್ನಾಗಲಿ ಹುಡುಕಬೇಡಿ. ಗೇರಿನ ಹಿಡಿಯನ್ನೇ ಒಂದು ವಿಶೇಷ ಸ್ಥಾನಕ್ಕೆ ತಂದರೆ ಸ್ಟಾರ್ಟರ್ ತಿರುಗುತ್ತದೆ. ಹಿಡಿ ಅಲ್ಲಿರುವಾಗ ಯಾವ ಗೇರೂ ಬಿದ್ದಿರಲು ಸಾಧ್ಯವಿಲ್ಲ. ಹಾಗಾಗಿ ಚಾಲೂ ಮಾಡಿದ ಕೂಡಲೆ ಟ್ರಾಕ್ಟರು ನುಗ್ಗುವ ಭಯವೂ ಇಲ್ಲ.

ಎಣ್ಣೆಯ ತೋಳು

ಇನ್ನು ಈ ಟ್ರಾಕ್ಟರಿನ ಹೃದಯಭಾಗಕ್ಕೆ ಬರೋಣ. ಹಿಂಬದಿಯಲ್ಲಿ ಮೂರು ತೋಳುಗಳಿವೆ, ಕೆಳಗೆ ಎರಡು, ಮೇಲೆ ಒಂದು. ನೇಗಿಲು ಈ ಮೂರು ಬಿಂದುಗಳಲ್ಲಿ ಕೂಡುತ್ತದೆ. ಉಳುವಾಗ ಮಣ್ಣು ನೇಗಿಲಿನ ತುದಿಯನ್ನು ಹಿಂದಕ್ಕೆ ತಳ್ಳುತ್ತದೆ, ಕೆಳಗಿನ ತೋಳುಗಳು ಮುಂದಕ್ಕೆ ಎಳೆಯುತ್ತವೆ. ಆದ್ದರಿಂದ ನೇಗಿಲಿನ ಮೇಲ್ಭಾಗ ಮುಂದಕ್ಕೆ ವಾಲಿ ಮೇಲಿನ ತೋಳನ್ನು ಟ್ರಾಕ್ಟರಿನ ಕಡೆಗೆ ಒತ್ತುತ್ತದೆ. ಈ ಒತ್ತು ಟ್ರಾಕ್ಟರಿನ ಮುಂಭಾಗವನ್ನು ನೆಲಕ್ಕೆ ಅಮುಕುವ ದಿಕ್ಕಿನಲ್ಲಿದೆ. ಹಿಂದೆ ಚಾಲಕನನ್ನು ಕೊಲ್ಲುತ್ತಿದ್ದ ಬಲವೇ ಇಲ್ಲಿ ಅವನನ್ನು ಕಾಯುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ಹಳೆಯ ಕ್ರಮದಲ್ಲಿ ನೆಲದಿಂದ 0.45 ಮೀಟರ್ ಎತ್ತರದ ಕೊಂಡಿಗೆ ಕಟ್ಟಿದ ನೇಗಿಲು 5000 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತಿದೆ ಎನ್ನೋಣ. ಹಿಂಚಕ್ರ ನೆಲ ಮುಟ್ಟುವ ಬಿಂದುವಿನ ಸುತ್ತ ಅದರ ಬಲಭ್ರಾಮಕ 2250 ನ್ಯೂಟನ್ ಮೀಟರ್. ಫರ್ಗುಸನ್ನಿನ ಮುಂದಿನ ಹಿಂದಿನ ಅಚ್ಚುಗಳ ನಡುವಿನ ದೂರ 70 ಇಂಚು, ಅಂದರೆ ಸುಮಾರು 1.78 ಮೀಟರ್. ಭಾಗಿಸಿದರೆ, ಮುಂಚಕ್ರಗಳ ಮೇಲಿನ ಭಾರ ಸುಮಾರು 1260 ನ್ಯೂಟನ್, ಎಂದರೆ 130 ಕಿಲೋಗ್ರಾಂ ತೂಕದಷ್ಟು ಕಡಿಮೆಯಾಗುತ್ತದೆ. ಕೊಂಡಿ ಇನ್ನೂ ಎತ್ತರದಲ್ಲಿದ್ದರೆ, ನೇಗಿಲು ಬಂಡೆಗೆ ಸಿಕ್ಕರೆ ಏನಾಗುತ್ತದೆ? ಈ ಲೆಕ್ಕವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಬಿಡಿ.

ಮೇಲಿನ ತೋಳಿನ ಬುಡದಲ್ಲಿ ಒಂದು ದಪ್ಪ ಸ್ಪ್ರಿಂಗ್ ಇದೆ. ಮಣ್ಣು ಗಟ್ಟಿಯಾದಷ್ಟೂ ಸ್ಪ್ರಿಂಗ್ ಹೆಚ್ಚು ಅಮುಕುತ್ತದೆ. ಆ ಚಲನೆ ಎಣ್ಣೆಯ ಕವಾಟವನ್ನು ಸರಿಸುತ್ತದೆ, ನೇಗಿಲು ತುಸು ಮೇಲೇಳುತ್ತದೆ, ಎಳೆತ ಮೊದಲಿನಷ್ಟಾಗುತ್ತದೆ. ಮಣ್ಣು ಮೆದುವಾದರೆ ಇದರ ವಿಲೋಮ. ಇಂದು ನಾವು ಇದನ್ನು ಋಣಾತ್ಮಕ ಫೀಡ್‌ಬ್ಯಾಕ್ ಎನ್ನುತ್ತೇವೆ. ಬಂಡೆ ತಾಗಿದಾಗ ಸ್ಪ್ರಿಂಗ್ ಪೂರ್ತಿ ಅಮುಕಿ ಎಣ್ಣೆಯ ಒತ್ತಡವನ್ನು ಬಿಟ್ಟುಬಿಡುತ್ತದೆ. ನೇಗಿಲಿನ ಭಾರ ಹಿಂಚಕ್ರದ ಮೇಲಿಂದ ತಪ್ಪಿ, ಚಕ್ರಗಳು ನಿಂತಲ್ಲೇ ಜಾರುತ್ತವೆ. ಟ್ರಾಕ್ಟರು ಮಗುಚುವುದಿಲ್ಲ.

ನಿಮ್ಮ ಟ್ರಾಕ್ಟರಿನ ತೋಳು ಏಳದಿದ್ದರೆ ಮೊದಲು ನೋಡಬೇಕಾದದ್ದು ಪಂಪನ್ನಲ್ಲ, ಪಿ.ಟಿ.ಓ. ಹಿಡಿಯನ್ನು. ಈ ಮಾದರಿಯಲ್ಲಿ ಪಂಪು ಪಿ.ಟಿ.ಓ. ದಂಡದಿಂದಲೇ ತಿರುಗುತ್ತದೆ, ಆ ಹಿಡಿ ಹಾಕದಿದ್ದರೆ ಪಂಪು ಸುಮ್ಮನಿರುತ್ತದೆ. ಎರಡನೆಯದು ಎಣ್ಣೆ. ಗೇರುಗಳಿಗೂ ಪಂಪಿಗೂ ಒಂದೇ ಎಣ್ಣೆ, ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಮೂರನೆಯದು ಸೋರಿಕೆ. ಭಾರ ಎತ್ತಿ ಎಂಜಿನ್ ನಿಲ್ಲಿಸಿ. ನೇಗಿಲು ಬಹಳ ನಿಧಾನವಾಗಿ ಇಳಿದರೆ ಚಿಂತೆಯಿಲ್ಲ, ಕ್ಷಣಗಳಲ್ಲಿ ಇಳಿದರೆ ಕವಾಟವೋ ಪಿಸ್ಟನ್ನಿನ ರಿಂಗೋ ಸವೆದಿದೆ. ಎತ್ತಿದ ಭಾರದ ಕೆಳಗೆ ಮಾತ್ರ ಎಂದೂ ಕೈ ಹಾಕಬೇಡಿ.

ಕ್ಲಚ್ ಬದಲಿಸಬೇಕಾದರೆ ಟ್ರಾಕ್ಟರನ್ನೇ ನಡುವೆ ಎರಡು ಭಾಗ ಮಾಡಬೇಕು. ಏಕೆಂದರೆ ಇದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ, ಎಂಜಿನ್, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಇವುಗಳೇ ಸಾಲಾಗಿ ಕೂಡಿ ಬೆನ್ನೆಲುಬಾಗಿವೆ. ಎರಡೂ ಭಾಗಗಳಿಗೆ ಭದ್ರವಾಗಿ ಆಧಾರ ಕೊಟ್ಟು, ಮುಂದಿನ ಅಚ್ಚು ಓಲಾಡದಂತೆ ಬೆಣೆ ಹೊಡೆದ ಮೇಲಷ್ಟೆ ಬೋಲ್ಟು ಬಿಚ್ಚಬೇಕು.

ಕೈಕುಲುಕಿದ ಒಪ್ಪಂದ, ಬರೆದಿಟ್ಟ ಒಪ್ಪಂದ

1938ರ ಅಕ್ಟೋಬರಿನಲ್ಲಿ ಫರ್ಗುಸನ್ ತಮ್ಮ ಟ್ರಾಕ್ಟರನ್ನು ಅಮೆರಿಕಕ್ಕೆ ಒಯ್ದು ಹೆನ್ರಿ ಫೋರ್ಡ್ ಅವರ ಮನೆಯ ಹೊಲದಲ್ಲಿ ಉತ್ತು ತೋರಿಸಿದರು. ಫೋರ್ಡ್ ಟ್ರಾಕ್ಟರನ್ನು ತಯಾರಿಸುವುದು, ಫರ್ಗುಸನ್ ಮಾರುವುದು ಎಂದು ಇಬ್ಬರೂ ಮಾತಾಡಿಕೊಂಡರು. ಕಾಗದಪತ್ರವಿಲ್ಲ, ಕೈಕುಲುಕಿದರು, ಅಷ್ಟೆ. ಫೋರ್ಡ್ ಕಂಪನಿಯ ಆಡಳಿತ ಮೊಮ್ಮಗನ ಕೈಗೆ ಬಂದ ಮೇಲೆ, 1947ರಲ್ಲಿ, ಈ ಒಪ್ಪಂದ ಮುರಿದುಬಿತ್ತು. ಕಂಪನಿ ಅದೇ ರೀತಿಯ ಟ್ರಾಕ್ಟರನ್ನು ತಾನೇ ಮಾರತೊಡಗಿತು. ಫರ್ಗುಸನ್ 1948ರಲ್ಲಿ 25 ಕೋಟಿ ಡಾಲರಿಗೂ ಮೀರಿದ ಪರಿಹಾರ ಕೇಳಿ ದಾವೆ ಹೂಡಿದರು. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು.

ನಂಬಿಕೆಯ ಆ ಒಪ್ಪಂದ ಹತ್ತು ವರ್ಷ ಬಾಳಲಿಲ್ಲ. ಆದರೆ ಆ ಮೂರು ಬಿಂದುಗಳ ಜೋಡಣೆ ಫರ್ಗುಸನ್ನರ ಕೈಮೀರಿ ಬೆಳೆಯಿತು. ಪೇಟೆಂಟುಗಳ ಕಾಲ ಮುಗಿದ ಮೇಲೆ ಬೇರೆ ಕಂಪನಿಗಳೂ ಅದನ್ನೇ ಅನುಸರಿಸಿದವು. ಇಂದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 730ನೆಯ ಮಾನಕ ಅದರ ಅಳತೆಗಳನ್ನು ವರ್ಗಗಳಾಗಿ ವಿಂಗಡಿಸಿ ಹೇಳುತ್ತದೆ. ಒಂದನೆಯ ವರ್ಗದಲ್ಲಿ ಮೇಲಿನ ತೋಳಿನ ಪಿನ್ನು 19 ಮಿ.ಮೀ., ಕೆಳಗಿನವು 22 ಮಿ.ಮೀ. ಹೀಗಾಗಿ ಈ ವರ್ಷ ತಯಾರಾದ ಸಣ್ಣ ನೇಗಿಲನ್ನು ನಿಮ್ಮ 1949ರ ಟ್ರಾಕ್ಟರಿಗೆ ಕೂಡಿಸಬಹುದು.

ಬೇರಿಂಗುಗಳದ್ದೂ ಇದೇ ಕಥೆ. 6205 ಎಂಬ ಸಂಖ್ಯೆಯ ಬೇರಿಂಗನ್ನು ಜಗತ್ತಿನ ಯಾವ ಊರಿನಲ್ಲಿ ಕೊಂಡರೂ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿ.ಮೀ. ಇರುತ್ತದೆ. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ. ತಯಾರಿಸಿದವರು ಯಾರು ಎಂದು ಕೇಳುವ ಅಗತ್ಯವೇ ಇಲ್ಲ. ಹಳೆಯ ಟ್ರಾಕ್ಟರಿನ ಬೇರಿಂಗು ಸವೆದಿದ್ದರೆ ಟ್ರಾಕ್ಟರಿನ ಹೆಸರು ಹೇಳುವುದಕ್ಕಿಂತ ಬೇರಿಂಗಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಹೇಳುವುದೇ ಲೇಸು. ಆಯಿಲ್ ಸೀಲಿಗೂ ಮೂರು ಅಳತೆ ಸಾಕು: ದಂಡದ ವ್ಯಾಸ, ಹೊರವ್ಯಾಸ, ದಪ್ಪ.

ನಮ್ಮ ಹೊಲಗಳಲ್ಲಿ

1953ರಲ್ಲಿ ಫರ್ಗುಸನ್ ಕಂಪನಿ ಕೆನಡದ ಮ್ಯಾಸ್ಸಿ ಹ್ಯಾರಿಸ್ ಕಂಪನಿಯೊಡನೆ ವಿಲೀನವಾಯಿತು. ಮುಂದೆ ಅದರ ಹೆಸರು ಮ್ಯಾಸ್ಸಿ ಫರ್ಗುಸನ್ ಎಂದಾಯಿತು. 1960ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಾಫೆ ಕಂಪನಿ ಈ ಕಂಪನಿಯ ಸಹಯೋಗದಲ್ಲಿಯೇ ಟ್ರಾಕ್ಟರ್ ತಯಾರಿಸತೊಡಗಿತು. ನಮ್ಮ ರೈತರಿಗೆ ಚಿರಪರಿಚಿತವಾದ ಮ್ಯಾಸ್ಸಿ 1035, ಟಿಇ-20ರ ನಂತರ ಬಂದ 35ನೆಯ ಮಾದರಿಯ ವಂಶದ್ದು.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಸಂಸ್ಥೆ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರಾಕ್ಟರ್ ತಯಾರಿಕೆಗೆ ಇಳಿಯಿತು. ಚೆಕೊಸ್ಲೊವಾಕಿಯದ ಜೆಟರ್ ವಿನ್ಯಾಸ ಅದರದು, ಮೊದಲ ಮಾದರಿ 25 ಅಶ್ವಶಕ್ತಿಯ 2511. ಜೆಟರ್ ಕಂಪನಿ 1960ರ ಹೊತ್ತಿಗೆ ತನ್ನ ಟ್ರಾಕ್ಟರುಗಳನ್ನು 'ಏಕೀಕೃತ ಶ್ರೇಣಿ'ಯಾಗಿ ರೂಪಿಸಿತ್ತು. ಎರಡು, ಮೂರು, ನಾಲ್ಕು ಸಿಲಿಂಡರಿನ ಮಾದರಿಗಳು ಅನೇಕ ಬಿಡಿಭಾಗಗಳನ್ನು ಹಂಚಿಕೊಳ್ಳುತ್ತಿದ್ದವು. 2016ರಲ್ಲಿ ಕೇಂದ್ರ ಸರ್ಕಾರ ಪಿಂಜೋರಿನ ಟ್ರಾಕ್ಟರ್ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿತು, ಟ್ರಾಕ್ಟರುಗಳು ಮಾತ್ರ ಹೊಲದಲ್ಲಿ ಉಳಿದವು. ಅಂಥ ಟ್ರಾಕ್ಟರಿನ ಮಾಲೀಕನಿಗೆ ಬಿಡಿಭಾಗ ಹುಡುಕುವುದು ಹವ್ಯಾಸವಲ್ಲ, ಬಿತ್ತನೆಯ ಹದ ತಪ್ಪದಂತೆ ನೋಡಿಕೊಳ್ಳುವ ಪ್ರಶ್ನೆ. ಇಂಗ್ಲೆಂಡಿನ ಹವ್ಯಾಸಿಗೆ ಒಂದು ತಿಂಗಳು ಕಾಯಲು ಅಡ್ಡಿಯಿಲ್ಲ. ಮಳೆ ಬಿದ್ದ ಮಾರನೆಯ ದಿನ ನಮ್ಮ ರೈತ ಕಾಯಲಾರ.

ಅವನ ಕೈಹಿಡಿಯುವುದು ಯಾವುದು? ಸಂಖ್ಯೆ ಓದಬಲ್ಲ ಬೇರಿಂಗು, ಅಳೆಯಬಲ್ಲ ಥ್ರೆಡ್, ಹಲವು ಮಾದರಿಗಳಿಗೆ ಹೊಂದುವ ಲೈನರು, ಇವನ್ನು ಅಳೆದು ಗುರುತಿಸಬಲ್ಲ ಮೆಕಾನಿಕ್. ಅಳತೆ ಗುಟ್ಟಾಗಿದ್ದರೆ, ಸಾಫ್ಟ್‌ವೇರಿನ ಬೀಗ ಬಿದ್ದಿದ್ದರೆ, ತಯಾರಕ ಅಂಗಡಿ ಮುಚ್ಚಿದ ದಿನವೇ ಯಂತ್ರವೂ ಸಾಯುತ್ತದೆ. ಕೊಳ್ಳುವಾಗ ಬೆಲೆ ಮತ್ತು ಅಶ್ವಶಕ್ತಿಯನ್ನು ಎಲ್ಲರೂ ಕೇಳುತ್ತಾರೆ. ಇದರ ಭಾಗಗಳ ಪಟ್ಟಿ ಸಿಗುತ್ತದೆಯೇ, ಅಳತೆಗಳು ಮಾನಕಕ್ಕೆ ಅನುಗುಣವಾಗಿವೆಯೇ ಎಂದೂ ಕೇಳುವುದನ್ನು ನಾವು ಕಲಿಯಬೇಕಾಗಿದೆ.

ಉಪಾಧ್ಯಾಯ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜ್ ಇದೆ. ಅದರ ಪ್ರಾಣವೂ ಒಂದು ತಿರುಪೇ. ಸಮೀಪದ ಗ್ಯಾರೇಜಿನಿಂದ ಬೇರೆ ಬೇರೆ ಹಳೆಯ ಬೋಲ್ಟುಗಳನ್ನು ತಂದು ಮಕ್ಕಳ ಮುಂದಿಡಿ. ವ್ಯಾಸವನ್ನು ಅಳೆಯಲಿ, ಹತ್ತು ಸುತ್ತುಗಳ ಉದ್ದವನ್ನು ಅಳೆದು ಹತ್ತರಿಂದ ಭಾಗಿಸಲಿ. ಯಾವುದು ಮೆಟ್ರಿಕ್, ಯಾವುದು ಇಂಚಿನದು, ಯಾವುದು ಯಾವುದಕ್ಕೆ ಹೊಂದದು ಎಂದು ಪಟ್ಟಿ ಮಾಡಲಿ. ಒಂದು ಬೋಲ್ಟು ಒಂದು ನಟ್ಟಿಗೆ ಸಲೀಸಾಗಿ ಕೂರುವುದರ ಹಿಂದೆ ಎಷ್ಟು ಜನರ ಎಷ್ಟು ವರ್ಷಗಳ ಶ್ರಮವಿದೆ ಎಂಬುದು ಅವರಿಗೆ ಬೆರಳ ತುದಿಯಲ್ಲಿ ತಿಳಿಯುತ್ತದೆ.